ಹನ್ನೊಂದು ಇಪ್ಪತ್ತರ ಎದೆ

ನಮ್ಮೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನಾನು ಖಾಲಿ ಮೇಜಿನ ಎಕ್ಸ್‌ರೇ ತೆಗೆದಿದ್ದೇನೆ. ಹೊರಗಿನವರಿಗೆ ಹೇಳಿದರೆ ಇವಳ ತಲೆ ಸರಿಯಿದೆಯೇ ಎಂದು ನೋಡುತ್ತಾರೆ. ನಮ್ಮೂರಿನವರಿಗೆ ಹೇಳಿದರೆ, "ಮತ್ತೆ? ಜನ ಮಲಗಿರೋವಾಗ ಯಾರಾದ್ರೂ ತೆಗೀತಾರಾ?" ಎಂದು ನನ್ನನ್ನೇ ಕೇಳುತ್ತಾರೆ. ನಮ್ಮಲ್ಲಿ ಯಾವ ಚಿತ್ರ ತೆಗೆದರೂ, ಅದು ಫೋಟೋ ಆಗಲಿ ಎಕ್ಸ್‌ರೇ ಆಗಲಿ, ಅದರಲ್ಲಿ ಮೂಡುವುದು ಅದೇ ಜಾಗದಲ್ಲಿ ಒಂಬತ್ತು ದಿನದ ಹಿಂದೆ ಅದೇ ಹೊತ್ತಿಗೆ ಇದ್ದದ್ದು. ಕನ್ನಡಿ ಮಾತ್ರ ನೆಟ್ಟಗಿದೆ, ನಿಂತವರನ್ನು ನಿಂತ ಹಾಗೇ ತೋರಿಸುತ್ತದೆ. ಮಿಕ್ಕಿದ್ದೆಲ್ಲ ಒಂಬತ್ತು ದಿನ ಹಿಂದೆ.

ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಫೋಟೋದವನು ಮದುವೆಗೆ ಬಂದರೆ ಊಟ ಮಾಡಿಕೊಂಡು ಹೋಗುತ್ತಾನೆ, ಅಷ್ಟೆ. ಒಂಬತ್ತು ದಿನ ಬಿಟ್ಟು ಕ್ಯಾಮೆರಾ ಹಿಡಿದು ಅದೇ ಛತ್ರಕ್ಕೆ ಬಂದು, ತಾಳಿ ಕಟ್ಟಿದ ಹೊತ್ತಿಗೆ ಸರಿಯಾಗಿ ಬರಿಯ ಮಂಟಪದ ಮುಂದೆ ನಿಂತು ಗುಂಡಿ ಒತ್ತುತ್ತಾನೆ. ಅಂದು ಅಲ್ಲಿ ಬೇರೆಯವರ ಮದುವೆಯಿದ್ದರೆ ಅವರ ವಾಲಗದ ನಡುವೆಯೇ ನುಗ್ಗಿ ಹಳೆಯ ಮದುಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾನೆ, ಯಾರೂ ಏನೂ ಅನ್ನುವುದಿಲ್ಲ. ಕಳ್ಳರು ನಮ್ಮೂರಿನ ಕಡೆ ತಲೆ ಹಾಕುವುದಿಲ್ಲ. ಬೇಲಿ ಜಗಳದಲ್ಲಿ, "ಒಂಬತ್ತನೇ ದಿನ ಫೋಟೋ ತೆಗೆಸ್ತೀನಿ, ಗೂಟ ಸರಿಸಿದ್ದು ಯಾರು ಗೊತ್ತಾಗ್ಲಿ" ಎಂದರೆ ಸಾಕು, ಬೆಳಗಾಗುವುದರೊಳಗೆ ಗೂಟ ಸ್ವಸ್ಥಾನಕ್ಕೆ ಬಂದಿರುತ್ತದೆ.

ಎಕ್ಸ್‌ರೇ ಕೂಡ ಹೀಗೆಯೇ. ರೋಗಿ ಬಂದು ಮೇಜಿನ ಮೇಲೆ ಮಲಗುತ್ತಾನೆ. "ಉಸಿರು ಹಿಡೀರಿ" ಎನ್ನುತ್ತೇನೆ. ಹಿಡಿಯುತ್ತಾನೆ. ಗಡಿಯಾರ ನೋಡಿ ನನ್ನ ಪುಸ್ತಕದಲ್ಲಿ ಹೆಸರು, ಗಂಟೆ, ನಿಮಿಷ ಬರೆಯುತ್ತೇನೆ. "ಬಿಡಿ, ಏಳಿ, ಹೋಗಿ ಬನ್ನಿ." ಒಂಬತ್ತನೆಯ ದಿನ ಅದೇ ನಿಮಿಷಕ್ಕೆ ಕೋಣೆಯ ಬಾಗಿಲು ಹಾಕಿಸಿ ಖಾಲಿ ಮೇಜಿನ ಮೇಲೆ ಕಿರಣ ಬಿಡುತ್ತೇನೆ. ಅವನ ಎಲುಬು, ಗುಂಡಿಗೆ ಎಲ್ಲ ಬಂದು ಕೂರುತ್ತವೆ. ಕೈಕಾಲು ಮುರಿದವರಿಗೆ ಇದರಿಂದ ಪ್ರಯೋಜನವಿಲ್ಲ, ಅವರು ನೇರ ಕಟ್ಟು ಹಾಕುವವರ ಮನೆಗೆ ಹೋಗುತ್ತಾರೆ. ನಮ್ಮದೇನಿದ್ದರೂ ಎದೆ, ಹೊಟ್ಟೆ, ಹಳೆಯ ಮಂಡಿನೋವು.

ಮಲಗಿದ ದಿನಕ್ಕೂ ಚಿತ್ರದ ದಿನಕ್ಕೂ ನಡುವೆ ಇರುವ ಒಂಬತ್ತು ದಿನಕ್ಕೆ ನಮ್ಮವರು ನಡುದಿನ ಎನ್ನುತ್ತಾರೆ. ನಡುದಿನದಲ್ಲಿರುವವರ ಮೇಲೆ ಯಾರೂ ದನಿ ಎತ್ತುವಂತಿಲ್ಲ, ಅವರಿಗೆ ಕೆಲಸ ಹೇಳುವಂತಿಲ್ಲ. ಅವರು ಬಾಯಿಬಿಟ್ಟು ಕೇಳುವ ಮೊದಲೇ ಹೋಳಿಗೆ ಆಗಬೇಕು. ಮಾತು ಬಿಟ್ಟ ನೆಂಟರು ಬಂದು ಹೋಗುತ್ತಾರೆ. ಕೆಟ್ಟದ್ದು ಬರುವುದಿದ್ದರೆ ಬರಲಿ, ಅಷ್ಟರೊಳಗೆ ಮನಸ್ಸು ಹದಕ್ಕೆ ಬಂದಿರುತ್ತದೆ ಎಂಬುದು ಲೆಕ್ಕ. ಎಣ್ಣೆ ಗಾಣದವರ ಮನೆಯ ಸೊಸೆ ವರ್ಷಕ್ಕೆ ಎರಡು ಸಲ ಎದೆನೋವು ಎಂದು ಬಂದು ಮಲಗುತ್ತಿದ್ದಳು. ಅವಳ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಾನು ಏನೂ ಹೇಳದೆ ಗಂಟೆ ಬರೆದುಕೊಳ್ಳುತ್ತಿದ್ದೆ. ಹದಿನೆಂಟು ದಿನದ ವಿಶ್ರಾಂತಿ ಬೇಕೆನ್ನಿಸುವಷ್ಟು ದೊಡ್ಡ ಸಂಸಾರ ಅದು.

ನನ್ನ ಹೆಸರು ಸರ್ವಮಂಗಳ. ಊರಿಗೆಲ್ಲ ಮಂಗಳಕ್ಕ. ನಮ್ಮ ಯಜಮಾನರು ತೀರಿಕೊಂಡು ಎಂಟು ವರ್ಷವಾಯಿತು, ಮಕ್ಕಳಿಲ್ಲ. ಇರುವವಳೆಂದರೆ ಆಸ್ಪತ್ರೆಯ ಆಯಾ ಕೆಂಚಮ್ಮ, ಬಾಗಿಲು ಹಾಕುವುದೂ ತೆಗೆಯುವುದೂ ನನ್ನನ್ನು ಬೈಯುವುದೂ ಅವಳ ಕೆಲಸ. ಚಿತ್ರ ನೋಡಿ ರೋಗ ಹೇಳುತ್ತಿದ್ದ ಹಳೆಯ ಡಾಕ್ಟರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ವರ್ಷವೊಂದು ಕಳೆದ ಮೇಲೆ ಡಾಕ್ಟರ ಬದಲು ಒಂದು ಪೆಟ್ಟಿಗೆ ಬಂತು.

ಪೆಟ್ಟಿಗೆ ಊಟದ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು. ಮೇಜಿನ ಕೆಳಗೆ ಒಂದು ಹಲಗೆ, ಹಲಗೆಯಿಂದ ಪೆಟ್ಟಿಗೆಗೆ ತಂತಿ, ಪೆಟ್ಟಿಗೆಯ ಮೇಲೆ ನಮಗೆ ನೋಡಲು ಒಂದು ಪರದೆ. ಗುಂಡಿ ಒತ್ತಿದ ಕ್ಷಣವೇ ಚಿತ್ರ ದೂರದ ನಗರದಲ್ಲಿರುವ ಡಾಕ್ಟರ ಪರದೆಗೂ ಹೋಗುತ್ತದೆ, ಅವರು ನೋಡಿ ರಿಪೋರ್ಟು ಕಳಿಸುತ್ತಾರೆ, ಅದು ಇಲ್ಲೇ ಅಚ್ಚಾಗಿ ಹೊರಗೆ ಬರುತ್ತದೆ. ಜೋಡಿಸಲು ಬಂದವನು ಇಷ್ಟು ಹೇಳಿ ಮಧ್ಯಾಹ್ನದ ಬಸ್ಸು ಹಿಡಿದ. ನಮ್ಮೂರಿನ ಒಂಬತ್ತು ದಿನದ ಸಂಗತಿ ಅವನಿಗೆ ಯಾರೂ ಹೇಳಲಿಲ್ಲ. ಹೇಳಬೇಕೆಂದು ನಮಗೆ ಹೊಳೆಯಲೂ ಇಲ್ಲ. ಅದುವರೆಗೆ ಊರಿನಿಂದಾಚೆಗೆ ಹೀಗೆ ನೇರವಾಗಿ ಚಿತ್ರ ಕಳಿಸುವ ಸಂದರ್ಭವೇ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ, ಒಂಬತ್ತು ದಿನದ ಹಿಂದೆ ಮಲಗಿ ಹೋಗಿದ್ದ ಗಿರಣಿ ನಿಂಗಜ್ಜನ ಮಂಡಿಗೆ ಗುಂಡಿ ಒತ್ತಿದೆ. ನಮ್ಮ ಪರದೆಯ ಮೇಲೆ ಮಂಡಿ ಚೆನ್ನಾಗಿಯೇ ಬಂತು. ಕೂಡಲೇ ಫೋನು ಹೊಡೆದುಕೊಂಡಿತು. ನಗರದ ಡಾಕ್ಟರ್ ಫರೀದಾ, ದನಿ ಕೇಳಿದರೆ ಇನ್ನೂ ಚಿಕ್ಕ ವಯಸ್ಸು.

"ಮೇಡಂ, ಮೇಜಿನ ಮೇಲೆ ಯಾರೂ ಇಲ್ಲವಲ್ಲ?"

"ಯಾಕಿರ್ತಾರೆ? ಅಜ್ಜ ಮನೆಯಲ್ಲಿದ್ದಾನೆ," ಎಂದೆ.

"ಮತ್ತೆ ಯಾರ ಚಿತ್ರ ತೆಗೀತಿದ್ದೀರಿ?"

"ಅಜ್ಜನದೇ."

ಅವಳು ನನಗೆ ಹುಚ್ಚು ಎಂದುಕೊಂಡಳು, ನಾನು ಅವಳಿಗೆ ಕೆಲಸ ಗೊತ್ತಿಲ್ಲ ಎಂದುಕೊಂಡೆ. ನನ್ನ ಪರದೆಯ ಮೇಲೆ ಮಂಡಿ ಇದೆ, ಅವಳ ಪರದೆಯ ಮೇಲೆ ಬರಿಯ ಮೇಜು. ಸಾಲದ್ದಕ್ಕೆ ಮೇಜಿನ ತುದಿಯಲ್ಲಿ ಒಂದು ಚಾವಿ ಬಿದ್ದಿದೆ ಎಂದು ಬೇರೆ ಹೇಳಿದಳು. ಹೋಗಿ ನೋಡಿದೆ. ಕೆಂಚಮ್ಮ ಬೆಳಗಿನಿಂದ ಹುಡುಕುತ್ತಿದ್ದ ಔಷಧಿ ಕಪಾಟಿನ ಚಾವಿ ಹಾಸಿನ ಮಡಿಕೆಯಲ್ಲಿತ್ತು. ಚಾವಿ ಕೈಗೆ ಬಂದ ಮೇಲೆ ಹೊಳೆಯಿತು. ದೂರದಲ್ಲಿ ಕೂತವಳಿಗೆ ಇವತ್ತಿನದು ಕಾಣುತ್ತಿದೆ, ಇಲ್ಲೇ ಇರುವ ನನಗೆ ಒಂಬತ್ತು ದಿನದ ಹಿಂದಿನದು.

ನಾನು ಹಠದವಳು. ಯಾರ ಮಾತನ್ನೂ ಹಾಗೆಯೇ ನಂಬುವವಳಲ್ಲ. ಮೇಜಿನ ಮೇಲೆ ಮೂರು ಚಮಚ ಇಟ್ಟು ಒತ್ತಿದೆ. "ಮೂರು ಚಮಚ," ಎಂದಳು. ಒಂದನ್ನು ತಿರುಗಿಸಿ ಇಟ್ಟೆ. "ಒಂದು ಉಲ್ಟಾ." ಕೆಂಚಮ್ಮನ ಎಲೆ ಅಡಿಕೆ ಡಬ್ಬಿಯನ್ನು ಮುಚ್ಚಿದ ಹಾಗೇ ಇಟ್ಟೆ. ಡಾಕ್ಟರು ನಕ್ಕಳು. "ಒಳಗೆ ಒಂದು ಅಡಕತ್ತರಿ, ಸುಣ್ಣದ ಚಿಕ್ಕ ಕರಡಿಗೆ, ಒಂದು ಕಿವಿಯೋಲೆ. ಒಂದೇ, ಜೋಡಿ ಇಲ್ಲ."

ಕೆಂಚಮ್ಮ ಡಬ್ಬಿ ಕಸಿದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. "ಎಲ್ಲೋ ಕುಂತ್ಕಂಡು ನನ್ನ ಡಬ್ಬಿ ಜಾಲಾಡ್ತಾಳಲ್ಲವ್ವ ಇವ್ಳು! ಆ ಓಲೆ ಕಳ್ದೋಗೈತೆ ಅಂತ ನಮ್ಮತ್ತೆಗೆ ಹೇಳಿ ಇಪ್ಪತ್ತು ವರ್ಸ ಆತು."

ನನಗೆ ನಗುವೂ ಬಂತು, ಅದಕ್ಕಿಂತ ಹೆಚ್ಚಾಗಿ ಎಂಥದೋ ಸಂಭ್ರಮ ಬಂತು. ಐವತ್ತು ದಾಟಿದ ಮೇಲೆ ಹೊಸ ಆಟಿಕೆ ಸಿಕ್ಕಿದ ಮಗುವಿನ ಹಾಗೆ ಆಗಿಬಿಟ್ಟೆ. ಇಷ್ಟು ವರ್ಷ ಆಗಿಹೋದದ್ದನ್ನೇ ನೋಡಿಕೊಂಡು ಬಂದವಳಿಗೆ, ಇವತ್ತನ್ನೂ ನೋಡಬಹುದು ಎಂಬುದು ಅಂದೇ ಗೊತ್ತಾದದ್ದು. ಡಾಕ್ಟರಿಗೆ ನಮ್ಮೂರಿನ ರೀತಿಯನ್ನು ಬಿಡಿಸಿ ಹೇಳಿದೆ. ನಂಬಿದಳೋ ಇಲ್ಲವೋ, ವಾದ ಮಾಡಲಿಲ್ಲ. "ಹಾಗಾದ್ರೆ ಒಂದು ಕೆಲಸ ಮಾಡೋಣ," ಎಂದಳು. "ಯಾರಾದ್ರೂ ನಿಜವಾಗಿ ಮಲಗಿರುವಾಗಲೇ ಒತ್ತಿ. ಮನುಷ್ಯರ ಚಿತ್ರ ಸರಿಯಾಗಿ ಬರುತ್ತಾ ನೋಡಬೇಕು ನಾನು."

ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಕೇಳಿದೆ. ಒಬ್ಬರೂ ಏಳಲಿಲ್ಲ. ಗಾಣದ ಮನೆಯ ಸೊಸೆ ಎಲ್ಲರ ಪರವಾಗಿ ಮಾತಾಡಿದಳು. "ಈಗ ಮಲಗಿ ಈಗ್ಲೇ ನೋಡ್ಬಿಟ್ರೆ ನಡುದಿನ ಎಲ್ಲಿಂದ ಬತ್ತವೆ ಮಂಗಳಕ್ಕ? ಎದ್ದು ಮನೀಗೆ ಹೋಗಿ ರೊಟ್ಟಿ ತಟ್ಟು ಅಂತಾರೆ."

ಅವಳದೂ ನ್ಯಾಯವೇ. ನಾನೇ ಮಲಗಿದೆ. ಕೆಂಚಮ್ಮನಿಗೆ ಗುಂಡಿ ತೋರಿಸಿ, ಉಸಿರು ಹಿಡಿದೆ. ಜೀವಮಾನದಲ್ಲಿ ಮೊದಲ ಸಲ ಆ ಮೇಜಿನ ಮೇಲೆ ಬೆನ್ನು ಇಟ್ಟದ್ದು. ತಣ್ಣಗೆ, ಗಟ್ಟಿಯಾಗಿ ಇತ್ತು. ಇಷ್ಟು ಜನರನ್ನು ಮಲಗಿಸಿದ್ದೇನೆ, ಒಂದು ದಿನವಾದರೂ ದಪ್ಪ ಹಾಸು ಕೇಳಲಿಲ್ಲವಲ್ಲ ಎಂದುಕೊಂಡೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಹೇಗೂ ಆ ನಿಮಿಷಕ್ಕೆ ಪುಸ್ತಕದಲ್ಲಿ ಬಸ್ ನಿಲ್ದಾಣದ ಜುಂಜಣ್ಣನ ಎದೆಯಿತ್ತು, ಒಂದೇ ಒತ್ತಿನಲ್ಲಿ ಎರಡು ಕೆಲಸವಾಯಿತು. ಎದ್ದು ಬಂದು ನೋಡಿದರೆ ನಮ್ಮ ಪರದೆಯ ಮೇಲೆ ಜುಂಜಣ್ಣನ ಅಗಲವಾದ ಪಕ್ಕೆಲುಬುಗಳು ಇದ್ದವು. "ಚೆನ್ನಾಗಿ ಬಂತು ಮೇಡಂ," ಎಂದು ಡಾಕ್ಟರು ಫೋನಿಟ್ಟಳು.

ಸಂಜೆ ನಾಲ್ಕರ ಹೊತ್ತಿಗೆ ರಿಪೋರ್ಟು ಅಚ್ಚಾಗಿ ಬಂತು. ಅದರಲ್ಲಿ ಹೆಸರಿರಲಿಲ್ಲ, ಸಮಯ ಮಾತ್ರ. ಹೆಸರು ತುಂಬುವುದು ನನ್ನ ಕೆಲಸ. ಹನ್ನೊಂದು ಇಪ್ಪತ್ತರ ಹಾಳೆಯಲ್ಲಿ, ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಸಣ್ಣದೊಂದು ಗಂಟು ಇದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಬರೆದಿತ್ತು. ಪುಸ್ತಕ ತೆರೆದೆ. ಒಂಬತ್ತು ದಿನದ ಹಿಂದೆ, ಹನ್ನೊಂದು ಇಪ್ಪತ್ತು, ಜುಂಜಣ್ಣ. ಹೆಸರು ಬರೆದೆ. ಅವನ ಚಿತ್ರವನ್ನು ಮತ್ತೆ ಪರದೆಗೆ ತಂದು ಬಲಗಡೆ ಮೇಲೆ ದಿಟ್ಟಿಸಿದೆ. ಅಲ್ಲಿ ಮಬ್ಬಾಗಿ ಏನೋ ಇದ್ದ ಹಾಗೆ ಕಂಡಿತು. ಇದೆ ಎಂದು ಓದಿಕೊಂಡು ನೋಡಿದ್ದರಿಂದ ಕಂಡಿತು ಎಂದು ಈಗ ಹೇಳಬಲ್ಲೆ. ಬೆಳಿಗ್ಗೆ ಅಷ್ಟೆಲ್ಲ ಚಮಚ ಎಣಿಸಿದವಳಿಗೆ, ಈ ಹಾಳೆ ಇವತ್ತಿನದು, ಇವತ್ತು ಆ ನಿಮಿಷಕ್ಕೆ ಮಲಗಿದ್ದವಳು ನೀನು ಎಂದು ಯಾಕೆ ಹೊಳೆಯಲಿಲ್ಲ? ನಾನು ಮಲಗಿದ್ದು ಪೆಟ್ಟಿಗೆಯ ಪರೀಕ್ಷೆಗೆ, ಪರೀಕ್ಷೆ ಆಯಿತು, ಮುಗಿಯಿತು ಎಂದೇ ನನ್ನ ಮನಸ್ಸಿನಲ್ಲಿತ್ತು. ಚಿತ್ರ ಬಂದರೆ ಒಂಬತ್ತು ದಿನ ಹಿಂದಕ್ಕೆ ಎಣಿಸುವುದು ನನ್ನ ಕೈಗೆ ಉಸಿರಾಟದಷ್ಟೇ ರೂಢಿಯಾಗಿಹೋಗಿತ್ತು.

ಜುಂಜಣ್ಣ ಬಸ್ ನಿಲ್ದಾಣದಲ್ಲಿ ಬಸ್ಸು ಕೂಗುವವನು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದು ನಮಗೆ ಗೊತ್ತಾಗುವುದು ಅವನ ಗಂಟಲಿನಿಂದ. ನನಗಿಂತ ಐದಾರು ವರ್ಷ ಚಿಕ್ಕವನು. ಮಳೆಗಾಲದಲ್ಲಿ ಹಿಡಿದ ಕೆಮ್ಮು ಬಿಡಲಿಲ್ಲವೆಂದು ಬಂದು ಮಲಗಿ ಹೋಗಿದ್ದ. ನಡುದಿನವನ್ನು ಚೆನ್ನಾಗಿಯೇ ಉಂಡಿದ್ದ, ಕೆಮ್ಮು ಕೂಡ ಅಷ್ಟರಲ್ಲಿ ಹೋಗಿತ್ತು. ರಿಪೋರ್ಟು ಹಿಡಿದು ಅವನ ಮನೆಗೆ ಹೋದಾಗ ಗಂಡ ಹೆಂಡತಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಮೆತ್ತಗೆ ಹೇಳಿದೆ. ಇಂಥದ್ದನ್ನು ಹೇಳಿ ನನಗೆ ಅಭ್ಯಾಸವಿದೆ ಎಂಬ ಹೆಮ್ಮೆ ಬೇರೆ ಇತ್ತು.

ಹೆಂಡತಿ ಪಾರಕ್ಕ ಅಳಲಿಲ್ಲ. "ಯಾವಾಗ ಕರ್ಕಂಡು ಹೋಗ್ಲಿ?" ಎಂದು ಕೇಳಿದಳು. ಜುಂಜಣ್ಣ ಮಾತ್ರ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಲೂ ಇಲ್ಲ, ಕೆಳಗಿಡಲೂ ಇಲ್ಲ. "ಕೆಮ್ಮು ಹೋತಲ್ಲಕ್ಕ," ಎಂದ.

ಮಾರನೆಯ ದಿನದಿಂದ ಅವನು ಕೂಗುವುದನ್ನು ನಿಲ್ಲಿಸಿದ. ನಿಲ್ದಾಣಕ್ಕೆ ಬರುತ್ತಿದ್ದ, ಕಂಬಕ್ಕೆ ಒರಗಿ ನಿಲ್ಲುತ್ತಿದ್ದ, ಬಸ್ಸು ಬಂದರೆ ಕೈಯೆತ್ತಿ ತೋರಿಸುತ್ತಿದ್ದ. ಇದ್ದಷ್ಟು ಉಸಿರನ್ನು ಜೋಪಾನ ಮಾಡುತ್ತಿದ್ದ ಪಾಪ. ಊರು ಅಸ್ತವ್ಯಸ್ತವಾಯಿತು. ಬೋರ್ಡು ಓದುವ ರೂಢಿ ನಮಗೆ ಯಾರಿಗೂ ಇರಲಿಲ್ಲ. ಶಾಲೆಯ ಹೆಡ್‌ಮಾಸ್ತರರು ಸಭೆಗೆಂದು ಹೊರಟವರು ಬೇರೆ ಬಸ್ಸು ಹತ್ತಿ ಯಾರದೋ ಗೃಹಪ್ರವೇಶದಲ್ಲಿ ಊಟ ಮಾಡಿಕೊಂಡು ಬಂದರು. ಜನ ನಗುತ್ತಿದ್ದರು, ನಿಲ್ದಾಣದ ಹತ್ತಿರ ಬಂದಾಗ ನಗು ನಿಲ್ಲಿಸುತ್ತಿದ್ದರು. ನಾಲ್ಕು ದಿನ ಅವನನ್ನು ಒಪ್ಪಿಸಿ, ಶುಕ್ರವಾರ ಪಾರಕ್ಕ ನಗರಕ್ಕೆ ಕರೆದುಕೊಂಡು ಹೋದಳು. ಬಸ್ಸಿನ ಕಿಟಕಿಯಿಂದ ಅವನು ನಿಲ್ದಾಣವನ್ನು ನೋಡಿದ ರೀತಿ ನೋಡಿ ನಾನು ಮುಖ ತಿರುಗಿಸಿಕೊಂಡೆ.

ಭಾನುವಾರ ಸಂಜೆ ಅವನ ಕೂಗು ನನ್ನ ಅಡುಗೆಮನೆಗೆ ಕೇಳಿಸಿತು. ಬಸ್ಸಿನಿಂದ ಇಳಿದವನೇ ಅದೇ ಬಸ್ಸು ಮುಂದೆ ಎಲ್ಲಿಗೆ ಹೋಗುತ್ತದೆಂದು ಮೂರು ಸಲ ಕೂಗಿದನಂತೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಬಂದು ನಗರದ ಚಿತ್ರವನ್ನು ನನ್ನ ಮುಂದಿಟ್ಟ.

"ಅಕ್ಕ, ಶನಿವಾರ ತೆಗ್ದಿದ್ದು. ಇಬ್ರು ಡಾಕ್ಟ್ರು ನೋಡವ್ರೆ. ಗಂಟೂ ಇಲ್ಲ, ಗಿಂಟೂ ಇಲ್ಲ. ನಿಮ್ಮ ಪೆಟ್ಟಿಗೆ ಸುಳ್ಳು ಹೇಳ್ತೈತೆ." ಅವನಿಗೆ ಸಿಟ್ಟಿರಲಿಲ್ಲ. ಬದುಕಿ ಬಂದವನಿಗೆ ಸಿಟ್ಟು ಎಲ್ಲಿಂದ ಬರಬೇಕು?

ಸಿಟ್ಟು ಬಂದದ್ದು ಊರಿಗೆ. ಪೆಟ್ಟಿಗೆಯನ್ನು ವಾಪಸ್ಸು ಕಳಿಸಿ ಎಂದು ಎಲ್ಲರೂ ಹೇಳಿದರು. ದೂರದಲ್ಲಿ ಕೂತು ನೋಡಿದರೆ ಇನ್ನೇನಾಗುತ್ತದೆ, ರೋಗಿಯ ಮುಖ ಕಂಡಿಲ್ಲ, ನಾಡಿ ಮುಟ್ಟಿಲ್ಲ ಎಂದು ಹೀಯಾಳಿಸಿದರು. ನನಗೂ ಹೌದೆನ್ನಿಸಿತು. ಆದರೂ ಮೂರು ಚಮಚ ಮನಸ್ಸಿನಿಂದ ಹೋಗಲಿಲ್ಲ. ಮುಚ್ಚಿದ ಡಬ್ಬಿಯೊಳಗಿನ ಒಂಟಿ ಓಲೆಯನ್ನು ಕಂಡವಳು ಇಲ್ಲದ ಗಂಟನ್ನು ಯಾಕೆ ಕಾಣುತ್ತಾಳೆ? ಮಂಗಳವಾರ ಬೆಳಿಗ್ಗೆ ಫೋನು ಮಾಡಿ ಸ್ವಲ್ಪ ಬಿರುಸಾಗಿಯೇ ಕೇಳಿದೆ. ಒಬ್ಬ ಬಡಪಾಯಿಯ ಪ್ರಾಣ ಹಿಂಡಿದಿರಲ್ಲ ಎಂದೆ.

ಡಾಕ್ಟರ್ ಫರೀದಾ ದನಿ ಏರಿಸಲಿಲ್ಲ. "ಒಂದು ನಿಮಿಷ, ಚಿತ್ರ ತೆಗೀತೀನಿ. ಹನ್ನೊಂದು ಇಪ್ಪತ್ತು. ಇಲ್ಲೇ ಇದೆ, ಗಂಟೂ ಇದೆ." ಆಮೇಲೆ, "ಮೇಡಂ, ಬಡಪಾಯಿ ಅಂದ್ರೆ? ಇದು ಹೆಂಗಸಿನ ಎದೆ."

"ಏನಂದ್ರಿ?"

"ಹೆಂಗಸು. ರವಿಕೆಯ ಹುಕ್ಕುಗಳು ಕಾಣ್ತಿವೆ. ಸಾಮಾನ್ಯವಾಗಿ ಅದನ್ನೆಲ್ಲ ತೆಗೆಸಿ ಮಲಗಿಸ್ತಾರಲ್ಲ, ಇವರು ಹಾಗೇ ಮಲಗಿದ್ದಾರೆ. ನಾಲ್ಕು ಹುಕ್ಕು. ಮೇಲಿನಿಂದ ಮೂರನೆಯದು ಇಲ್ಲ, ಅಲ್ಲಿ ಪಿನ್ನು ಹಾಕಿದ್ದಾರೆ."

ಕೈ ತಾನಾಗಿ ನನ್ನ ಸೆರಗಿನ ಒಳಗೆ ಹೋಯಿತು. ಹಸಿರು ರವಿಕೆ, ಆ ಸೋಮವಾರ ತೊಟ್ಟಿದ್ದೂ ಇದೇ. ಹುಕ್ಕು ಹೊಲಿಯಬೇಕು ಹೊಲಿಯಬೇಕು ಎಂದುಕೊಂಡು ಹೊಲಿದಿರಲಿಲ್ಲ. ಪಿನ್ನು ಬೆರಳಿಗೆ ಸಿಕ್ಕಿತು.

ಹೆದರಿಕೆಯಾಯಿತು. ಅದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಸ್ಟೂಲು ಎಳೆದುಕೊಂಡು ಕೂತೆ. ಕೆಮ್ಮಿಲ್ಲ, ಜ್ವರವಿಲ್ಲ, ಬೆಳಿಗ್ಗೆ ಎರಡು ಕೊಡ ನೀರು ಹೊತ್ತಿದ್ದೇನೆ. ಕೆಂಚಮ್ಮ ನನ್ನ ಮುಖ ನೋಡಿ ಫೋನು ಕಸಿದುಕೊಂಡು, "ಏನಂದೆ ತಾಯಿ ನಮ್ಮಕ್ಕನ್ಗೆ?" ಎಂದು ಜಗಳಕ್ಕೆ ನಿಂತಳು. ಅವಳಿಂದ ಫೋನು ತೆಗೆದುಕೊಂಡು ಹೇಳಿದೆ. "ಡಾಕ್ಟ್ರೇ, ಅದು ನಾನು."

ಅತ್ತಲಿಂದ ಅವಳು ಹೇಳಿದಳು, "ನೀವು ಮಲಗಿದ್ದು ಅಂತ ನನಗೆ ಗೊತ್ತಾಗಲಿಲ್ಲ. ಚಿತ್ರ ಬಂತು, ನೋಡಿದೆ, ಬರೆದೆ. ಕೇಳಬೇಕಿತ್ತು ನಾನು. ಈಗ ಇನ್ನೊಂದು ಸಲ ಮಲಗ್ತೀರಾ? ಪಿನ್ನು ತೆಗೆದು."

ಮಲಗಿದೆ. ಕೆಂಚಮ್ಮ ಅಳುತ್ತಲೇ ಗುಂಡಿ ಒತ್ತಿದಳು. ನಮ್ಮ ಪರದೆಯ ಮೇಲೆ ಒಂಬತ್ತು ದಿನದ ಹಿಂದಿನ ಭಾನುವಾರದ ಬರಿಯ ಮೇಜು ಬಂತು. ಫೋನಿನಲ್ಲಿ ಡಾಕ್ಟರ ದನಿ ಬಂತು. "ಇದೆ ಮೇಡಂ. ಹುಣಸೆ ಬೀಜದಷ್ಟಿದೆ. ಇಷ್ಟು ಚಿಕ್ಕದರಲ್ಲಿ ಸಿಗೋದು ಅಪರೂಪ. ಈಗ ತೆಗೆದರೆ ಬಹುಮಟ್ಟಿಗೆ ಅಲ್ಲಿಗೆ ಮುಗೀತು. ನಾಲ್ಕೈದು ತಿಂಗಳು ಬಿಟ್ಟರೆ ಹಾಗೆ ಹೇಳೋಕಾಗಲ್ಲ."

"ನಾಳೆ ಹನ್ನೊಂದು ಇಪ್ಪತ್ತಕ್ಕೆ ನನ್ನ ಎದೆ ಇಲ್ಲೇ ನಮ್ಮ ಪರದೆ ಮೇಲೆ ಬರುತ್ತೆ," ಎಂದೆ. "ಕಣ್ಣಾರೆ ನೋಡಿಕೊಂಡು ಹೊರಡ್ತೀನಿ."

"ನೋಡೋಕೆ ನಾನಿದ್ದೀನಲ್ಲ. ನೀವು ಬಸ್ಸು ಹತ್ತಿ."

ನನ್ನ ನಡುದಿನ ನನಗೆ ಗೊತ್ತಿಲ್ಲದೆಯೇ ಹೆಚ್ಚೂಕಡಿಮೆ ಕಳೆದುಹೋಗಿತ್ತು. ಯಾರೂ ಹೋಳಿಗೆ ಮಾಡಿರಲಿಲ್ಲ, ನಾನು ಎಂದಿನಂತೆ ಉಪ್ಪಿಟ್ಟು ತಿಂದುಕೊಂಡು ಆರಾಮ ಇದ್ದೆ. ಆ ದಿನಗಳ ಭಯವನ್ನೆಲ್ಲ ನನ್ನ ಬದಲು ಜುಂಜಣ್ಣ ಪಟ್ಟಿದ್ದ. ಅದು ತಲೆಗೆ ಬಂದದ್ದೇ ರೋಗದ ಹೆದರಿಕೆ ಪಕ್ಕಕ್ಕೆ ಸರಿದು ನಾಚಿಕೆ ಬಂದು ಕೂತಿತು. ಮೊದಲು ಅವನಿಗೆ ಹೇಳಬೇಕು.

ಮಧ್ಯಾಹ್ನ ಅವನ ಮನೆಗೆ ಹೋದೆ. ಈ ಸಲ ಮೆತ್ತಗೆ ಹೇಳುವ ಜಾಣತನವೇನೂ ಇರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಪ್ಪು ಪೆಟ್ಟಿಗೆಯದಲ್ಲ, ನನ್ನದು, ನನ್ನ ಹಾಳೆಯ ಮೇಲೆ ನಿನ್ನ ಹೆಸರು ಬರೆದೆ ಎಂದೆ. ಜುಂಜಣ್ಣ ಎದ್ದು ನಿಂತ. ಈಗ ಸಿಟ್ಟು ಬಂತು ಅವನಿಗೆ.

"ನನ್ನ ಮೊಮ್ಮಗೂನ ಎತ್ಕಳ್ಲಿಲ್ಲ ಕಣಕ್ಕ ನಾನು. ಉಸ್ರು ತಾಗಿದ್ರೆ ಅದಕ್ಕೂ ಬಂದ್ಬಿಟ್ರೆ ಅಂತ. ಅದು ಕೈ ಚಾಚ್ಕಂಡು ಬರೋದು, ನಾನು ಆಕಡೀಕೆ ತಿರುಗ್ತಿದ್ದೆ. ಇವ್ಳಿಗೆ ನಾಳೆ ಬೇಕಾಗ್ತೈತೆ ಅಂತ ಯಾವ ಡಬ್ಬೀಲಿ ಏನೈತೆ ಎಲ್ಲಾ ಹೇಳ್ಕೊಟ್ಟೆ. ಒಂದು ಹೆಸ್ರು ನೋಡಿ ಬರೆಯಾಕೆ ಆಗ್ಲಿಲ್ವಾ ನಿನ್ಗೆ?"

ಪಾರಕ್ಕ ಗಂಡನ ತೋಳು ಹಿಡಿದಳು. "ಬೈಯೋದು ಆಮೇಲೆ ಬೈ. ಅಕ್ಕನ ಮುಖ ನೋಡು, ಈಗ ನಗರಕ್ಕೆ ಹೋಗ್ಬೇಕಾದೋಳು ಅವ್ಳು."

ಅವನು ನೋಡಿದ. ಬೈಗುಳ ಅರ್ಧಕ್ಕೆ ನಿಂತಿತು. ಗೋಡೆಗೆ ಒರಗಿ ಕೂತ. "ಜೊತೇಲಿ ಯಾರು ಬತ್ತಾರೆ?" ಎಂದು ಕೇಳಿದ. ಕೆಂಚಮ್ಮ ಆಸ್ಪತ್ರೆ ಬಿಟ್ಟು ಬರುವಂತಿಲ್ಲ ಎಂದೆ. "ಹಂಗಾದ್ರೆ ನಾಳೆ ಬೆಳಿಗ್ಗೆ ಬಸ್ಸಿಗೆ ನಾನೇ ಬತ್ತೀನಿ. ಆ ಆಸ್ಪತ್ರೇಲಿ ಯಾವ ಬಾಗ್ಲು, ಯಾವ ಕಿಟಕಿ, ಯಾವ ಡಾಕ್ಟ್ರು ಸರಿಯಾಗಿ ಮಾತಾಡ್ತಾರೆ ಅಂತ ಈ ಊರಾಗೆ ಗೊತ್ತಿರೋದು ನನ್ಗೊಬ್ನಿಗೆ."

ಆ ಗಂಟು ಏನಾಯಿತೆಂದು ಕಾತರಪಡಬೇಡಿ. ತೆಗೆದರು, ಬಲಗಡೆ ಒಂದು ಗಾಯದ ಗೆರೆ ಉಳಿದಿದೆ, ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಬರುತ್ತದೆ, ಬದುಕಿ ಕೂತು ಇದನ್ನೆಲ್ಲ ಹೇಳುತ್ತಿದ್ದೇನಲ್ಲ. ಪೆಟ್ಟಿಗೆ ನಮ್ಮಲ್ಲೇ ಉಳಿಯಿತು. ಈಗ ರಿಪೋರ್ಟು ಹತ್ತು ನಿಮಿಷದಲ್ಲಿ ಬರುತ್ತದೆ. ಜನ ಅದನ್ನು ಲಕೋಟೆಯಲ್ಲಿ ಹಾಕಿಸಿಕೊಂಡು, ಒಂಬತ್ತು ದಿನ ತೆರೆಯದೆ ದೇವರ ಮುಂದಿಟ್ಟು ಹೋಳಿಗೆ ತಿನ್ನುತ್ತಾರೆ. ಒಳಗೆ ಅವಸರದ ಮಾತಿದ್ದರೆ ನಾನೇ ಮನೆಗೆ ಹೋಗಿ ಲಕೋಟೆ ಹರಿಯುತ್ತೇನೆ, ಬೈಸಿಕೊಳ್ಳುತ್ತೇನೆ. ಗಾಣದ ಮನೆಯ ಸೊಸೆಯ ಲಕೋಟೆಯನ್ನು ಮಾತ್ರ ಮುಟ್ಟುವುದಿಲ್ಲ.

ಆ ಬುಧವಾರದ ಮಾತಿಗೆ ಬರುತ್ತೇನೆ. ಹನ್ನೊಂದು ಇಪ್ಪತ್ತಕ್ಕೆ ನಮ್ಮೂರಿನ ಮೇಜಿನ ಮೇಲೆ ನನ್ನ ಎದೆ ಬಂದು ಹೋಗಿರಬೇಕು, ನಾನಿಲ್ಲದೆ ಕೆಂಚಮ್ಮ ಗುಂಡಿ ಮುಟ್ಟುವವಳಲ್ಲ. ಆ ಹೊತ್ತಿಗೆ ನಾವಿಬ್ಬರೂ ನಗರದ ಆಸ್ಪತ್ರೆಯಲ್ಲಿ ಹೆಸರು ಬರೆಸುವ ಸಾಲಿನಲ್ಲಿದ್ದೆವು. ನಮ್ಮ ಸರದಿ ಬಂತು. ಕಿಟಕಿಯೊಳಗಿನ ಗುಮಾಸ್ತ ನನ್ನ ಹೆಸರು, ವಯಸ್ಸು ಬರೆದುಕೊಂಡು ತಲೆಯೆತ್ತದೆ ಕೇಳಿದ, "ಜೊತೆಗೆ ಬಂದಿರೋರು ಯಾರು? ಪೇಷೆಂಟಿಗೆ ಏನಾಗಬೇಕು?"

ಜುಂಜಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನಮ್ಮದು ಒಂದು ಕುಲವಲ್ಲ, ಒಂದು ಬೀದಿಯೂ ಅಲ್ಲ. ದಾರಿಯಲ್ಲಿ ಸಿಕ್ಕಿದರೆ ಊಟ ಆಯಿತೇ ಎಂದು ಕೇಳುವಷ್ಟು ಬಳಕೆ, ಅಷ್ಟೇ. ನಮ್ಮೂರಿನವರು ಎಂದು ಹೇಳಲು ನಾನು ಬಾಯಿ ತೆರೆದೆ.

"ಬರ್ಕಳಿ ಸ್ವಾಮಿ," ಎಂದ ಜುಂಜಣ್ಣ, ಇಡೀ ಪಡಸಾಲೆಗೆ ಕೇಳುವಂತೆ. "ಈಗ ಅಕ್ಕನ ಎದೇಲಿ ಐತಲ್ಲ ಗಂಟು, ಅದು ಆರು ದಿನ ನನ್ನೆದೇಲಿತ್ತು."

ಗುಮಾಸ್ತ ತಲೆಯೆತ್ತಿ ಅವನನ್ನು ನೋಡಿದ, ನನ್ನನ್ನು ನೋಡಿದ. ಹಿಂದೆ ಸಾಲಿನಲ್ಲಿದ್ದವರು ಬೇಗ ಆಗಲಿ ಎಂದು ಗೊಣಗಿದರು. ಅವನು ಪೆನ್ನನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಆ ಖಾನೆಯಲ್ಲಿ ತಮ್ಮ ಎಂದು ಬರೆದ.